ಒಂದೇ ಕಪ್ಪು ಪರದೆ, ಎರಡು ರೋಗ: ಗಂಗಾವತಿಯ ಸ್ಟುಡಿಯೊ ಒಂದರ ಡ್ರೈವರ್ ಪ್ರಕರಣ

ಬೆಳಗ್ಗೆ ಏಳೂವರೆಗೆ ಫೋನ್ ಬಂತು. "ಸರ, ಸ್ಕ್ರೀನ್ ಬರವಲ್ದು ನೋಡ್ರಿ. ಮಿಂಟ್ ಲೋಗೋ ಬರ್ತೈತಿ, ಆಮ್ಯಾಲೆ ಬರೇ ಕಪ್ಪು. ಮ್ಯಾಲೆ ಮೂಲ್ಯಾಗ ಒಂದು ಗೀಟು ಮಿಣುಕ್ತೈತಿ, ಅಷ್ಟ."

ಫೋನ್ ಮಾಡಿದವನು ಗಂಗಾವತಿಯ ಒಂದು ಮದುವೆ ಸ್ಟುಡಿಯೊದಲ್ಲಿ ಎಡಿಟಿಂಗ್ ಮಾಡುವ ಹುಡುಗ. ಮಿಂಟ್ ಎಂದರೆ ಆ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇದ್ದ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ಒಂದು ರೂಪ. 2025ರ ನವೆಂಬರ್. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ಅವತ್ತೇ ಸಂಜೆ ಏಳಕ್ಕೆ ಒಂದು ಆರತಕ್ಷತೆ. ಸಾಣಾಪುರ ಕೆರೆಯ ಬಂಡೆಗಳ ನಡುವೆ ಎರಡು ದಿನ ಚಿತ್ರೀಕರಿಸಿದ್ದ ಪ್ರೀ ವೆಡ್ಡಿಂಗ್ ವಿಡಿಯೊ ಕಲ್ಯಾಣ ಮಂಟಪದ ಎಲ್‌ಇಡಿ ಗೋಡೆಯ ಮೇಲೆ ಓಡಬೇಕು. ಎಡಿಟ್ ಮುಗಿದಿತ್ತು. ಎಕ್ಸ್‌ಪೋರ್ಟ್ ಒಂದು ಬಾಕಿ. ಹಿಂದಿನ ರಾತ್ರಿ ಹುಡುಗ ಅದನ್ನು ಬೆಳಗ್ಗೆ ಮಾಡಿದರಾಯಿತು ಎಂದು ಬಿಟ್ಟು, ಮನೆಗೆ ಹೋಗುವ ಮುಂಚೆ ಬಾಕಿ ಇದ್ದ ಅಪ್‌ಡೇಟ್‌ಗಳನ್ನು ಒತ್ತಿ, ಕಂಪ್ಯೂಟರ್ ಆಫ್ ಮಾಡಿ ಹೋಗಿದ್ದ.

ನಾನು ಕೊಪ್ಪಳದಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕಿಂಗ್ ಕೆಲಸ ಮಾಡುವವನು. ಗಂಗಾವತಿಗೆ ಬಸ್ಸಿನಲ್ಲಿ ಒಂದು ತಾಸಿನ ಮೇಲೆ ಬೇಕು. ಅವತ್ತು ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದೆ. ಹಾಗಾಗಿ ಈ ಪ್ರಕರಣದ ಮೊದಲ ಅರ್ಧ ಫೋನಿನಲ್ಲಿ ನಡೆಯಿತು, ಎರಡನೇ ಅರ್ಧ ಮರುದಿನ ಆ ಸ್ಟುಡಿಯೊದಲ್ಲಿ.

ಯಂತ್ರ ಮತ್ತು ಅದರ ಹಿನ್ನೆಲೆ

ರೈಜೆನ್ 5 ಪ್ರೊಸೆಸರ್, 16 ಜಿಬಿ ರ‍್ಯಾಮ್, ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ ಕಾರ್ಡ್. ಈ ಕಾರ್ಡ್ 2016ರದ್ದು, 4 ಜಿಬಿ ಮೆಮೊರಿ. ಹಳೆಯದೇ, ಆದರೆ ಸಣ್ಣ ಊರಿನ ಸ್ಟುಡಿಯೊಗಳಲ್ಲಿ ಇವತ್ತಿಗೂ ದುಡಿಯುತ್ತಿದೆ. ಎರಡು ವರ್ಷದ ಹಿಂದೆ ಅಲ್ಲಿದ್ದ ಕದ್ದ ಕಾಪಿಯ ವಿಂಡೋಸ್‌ಗೆ ವೈರಸ್ ಹೊಕ್ಕು ಒಂದು ಮದುವೆಯ ಫೋಟೊಗಳೆಲ್ಲ ಬೀಗ ಬಿದ್ದು ಹೋಗಿದ್ದವು. ಆಮೇಲೆ ಮಾಲೀಕರು "ಸರ, ಇನ್ನ ಆ ಸಹವಾಸ ಬ್ಯಾಡ" ಎಂದರು. ಲಿನಕ್ಸ್ ಹಾಕಿದವನು ನಾನೇ. ಈಗ ಇದ್ದದ್ದು ಲಿನಕ್ಸ್ ಮಿಂಟ್ 22, ಅಂದರೆ ಉಬುಂಟು 24.04ರ ಮೇಲೆ ಕಟ್ಟಿದ್ದು, 6.8 ಸರಣಿಯ ಕರ್ನಲ್ (ವ್ಯವಸ್ಥೆಯ ತಿರುಳು, ಯಂತ್ರದ ಭಾಗಗಳನ್ನು ನಡೆಸುವಂಥದ್ದು). ಗ್ರಾಫಿಕ್ಸ್‌ಗೆ ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದ 535 ಸರಣಿಯ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಹಾಕಿ ಕೊಟ್ಟಿದ್ದೆ. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಸೆಕ್ಯೂರ್ ಬೂಟ್ ಎಂಬ ಸಹಿ ತಪಾಸಣೆಯನ್ನು ಆಫ್ ಮಾಡಿದ್ದೆ. ತಲೆನೋವು ಬೇಡ ಅಂತ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗ್ರಾಫಿಕ್ಸ್ ಡ್ರೈವರ್ ಎಂದರೆ ಒಂದು ವಸ್ತು ಎಂದು ಬಹಳ ಮಂದಿ ತಿಳಿದಿದ್ದಾರೆ. ಎನ್‌ವಿಡಿಯಾ ವಿಷಯದಲ್ಲಿ ಅದು ಜೋಡೆತ್ತು. ಒಂದು ಎತ್ತು ಕರ್ನಲ್ ಒಳಗೆ ಕೂರುವ ಮಾಡ್ಯೂಲ್, ಕಾರ್ಡಿನ ಜೊತೆ ನೇರ ಮಾತಾಡುವಂಥದ್ದು. ಇನ್ನೊಂದು ಎತ್ತು ಹೊರಗಿರುವ ಲೈಬ್ರರಿಗಳು. ಪರದೆ ಬಿಡಿಸುವ ತಂತ್ರಾಂಶ, ವಿಡಿಯೊ ಎಡಿಟರ್, ಬ್ಲೆಂಡರ್ ಎಲ್ಲ ಮಾತಾಡುವುದು ಈ ಲೈಬ್ರರಿಗಳ ಜೊತೆ. ಎರಡೂ ಒಂದೇ ಆವೃತ್ತಿಯವು ಇರಬೇಕು. ಕೊನೆಯ ಅಂಕಿಯವರೆಗೂ ಒಂದೇ. ಒಂದು 535, ಇನ್ನೊಂದು 580 ಆದರೆ ಗಾಡಿ ಹೊರಡುವುದೇ ಇಲ್ಲ.

ಇದರ ಜೊತೆ ಇನ್ನೊಂದು ಕಟ್ಟು ಇದೆ. ಲಿನಕ್ಸ್ ಕರ್ನಲ್ ತನ್ನ ಒಳಗಿನ ಜೋಡಣೆಗಳನ್ನು ಹೀಗೇ ಇಡುತ್ತೇನೆ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಎಎಂಡಿ, ಇಂಟೆಲ್ ಕಾರ್ಡುಗಳ ಡ್ರೈವರ್ ಕರ್ನಲ್ಲಿನ ಮನೆಯೊಳಗೇ ಇದೆ, ಹಾಗಾಗಿ ಕರ್ನಲ್ ಬದಲಾದಾಗ ಅದೂ ಜೊತೆಗೇ ಬದಲಾಗುತ್ತದೆ. ಅದರ ಹೊರಗಿನ ಭಾಗವಾದ ಮೆಸಾ ಮಾಮೂಲಿ ಅಪ್‌ಡೇಟ್‌ನಲ್ಲಿ ಬರುತ್ತದೆ. ನನ್ನ ಗಿರಾಕಿಗಳಲ್ಲಿ ಎಎಂಡಿ ಕಾರ್ಡ್ ಇರುವವರು ಡ್ರೈವರ್ ಎಂಬ ಪದವನ್ನೇ ಎತ್ತುವುದಿಲ್ಲ. ಎನ್‌ವಿಡಿಯಾದ ಮಾಡ್ಯೂಲ್ ಹಾಗಲ್ಲ, ಅದು ಹೊರಗಿನಿಂದ ಬಂದದ್ದು. ಪ್ರತಿ ಹೊಸ ಕರ್ನಲ್‌ಗೂ ಅದನ್ನು ಮತ್ತೆ ಕಟ್ಟಬೇಕು. ಈ ಕೆಲಸವನ್ನು ನಮ್ಮ ಪರವಾಗಿ ಮಾಡುವುದು ಡಿಕೆಎಂಎಸ್ ಎಂಬ ಸಣ್ಣ ವ್ಯವಸ್ಥೆ. ಡೆಲ್ ಕಂಪನಿಯ ಎಂಜಿನಿಯರ್‌ಗಳು ಬರೆದದ್ದು. ಹೊಸ ಕರ್ನಲ್ ಬಂದ ಕೂಡಲೇ ಅದು ತನ್ನ ಪಟ್ಟಿಯಲ್ಲಿರುವ ಮಾಡ್ಯೂಲ್‌ಗಳನ್ನು ಸುಮ್ನೆ ಹಿಂದೆ ಕೂತು ಕಟ್ಟಿ ಇಡುತ್ತದೆ.

ಅಂದರೆ ಡ್ರೈವರ್ ಹಾಕುವುದು ದೊಡ್ಡ ಮಾತಲ್ಲ. ನಾಳೆ ಕರ್ನಲ್ ಬದಲಾದಾಗ ಅದನ್ನು ಮತ್ತೆ ಹೊಂದಿಸುವವರು ಯಾರು? ಈ ಪ್ರಕರಣ ಪೂರ್ತಿ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಹುಡುಗ ಮಾಡಿದ್ದೇನು

ಅವನಿಗೆ ಹೊಸ ಡ್ರೈವರ್ ಬೇಕಾಗಿದ್ದು ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಥೆಗಳಲ್ಲಿ "ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡ" ಎಂದು ಹುಡುಗರನ್ನು ಬೈಯುವುದು ಸುಲಭ. ಅವನು ಎಕ್ಸ್‌ಪೋರ್ಟ್‌ಗೆಂದು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದ ಹೊಸ ಆವೃತ್ತಿ ಇಳಿಸಿಕೊಂಡಿದ್ದ. ಅದು ಕಾರ್ಡಿನೊಳಗೆ ವಿಡಿಯೊ ಕುಗ್ಗಿಸುವ ಎನ್ಕೋಡರ್, ಅಂದರೆ ಎನ್ವೆಂಕ್ ಬಳಸಲು ಹೋದಾಗ ನಿಂತುಬಿಟ್ಟಿತು. ಬೇಕಾದ ಎಪಿಐ (ತಂತ್ರಾಂಶ ಮತ್ತು ಡ್ರೈವರ್ ನಡುವಿನ ಜೋಡಣೆ) 13.0, ಇರುವುದು 12.1, ಡ್ರೈವರ್ ಕನಿಷ್ಠ 570 ಇರಬೇಕು ಎಂಬ ಸಂದೇಶ. ಸಂದೇಶ ಸರಿಯಾಗಿಯೇ ಇತ್ತು. 535ರಿಂದ ಮೇಲೆ ಹೋಗಲೇಬೇಕಿತ್ತು.

ಮೇಲೆ ಹೋದ ದಾರಿ ಬೇರೆಯಾಯಿತು. ಯಾವುದೋ ವಿಡಿಯೊ ನೋಡಿ, ಎನ್‌ವಿಡಿಯಾ ತಾಣದಿಂದ 580 ಸರಣಿಯ 'ರನ್' ಕಡತ (ಓಡಿಸಿದರೆ ತಾನೇ ಡ್ರೈವರ್ ಹಾಕುವಂಥದ್ದು) ಇಳಿಸಿ, ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಕಪ್ಪು ಟರ್ಮಿನಲ್‌ಗೆ ಹೋಗಿ, ಪರದೆ ನಡೆಸುವ ಸೇವೆ ನಿಲ್ಲಿಸಿ, ಅದನ್ನು ಓಡಿಸಿದ. ಆ ಇನ್‌ಸ್ಟಾಲರ್ ಮೂರು ಸಲ ತಡೆದು ಕೇಳಿತ್ತು. ಇಲ್ಲಿ ಬೇರೆ ರೀತಿಯಲ್ಲಿ ಹಾಕಿದ ಡ್ರೈವರ್ ಈಗಾಗಲೇ ಇದೆ, ಮುಂದುವರಿಯಲೇ? ಹೌದು. ಡಿಕೆಎಂಎಸ್‌ನಲ್ಲಿ ನೋಂದಾಯಿಸಲೇ? ಬೇಡ. ಪರದೆ ಬಿಡಿಸುವ ಎಕ್ಸ್ ಸರ್ವರ್‌ನ ಸಂರಚನೆ ಕಡತವನ್ನು ನಾನೇ ಬರೆಯಲೇ? ಹೌದು.

ಯಾಕೆ ಹಾಗೆ ಉತ್ತರಿಸಿದೆ ಎಂದು ಆಮೇಲೆ ಕೇಳಿದೆ. "ವಿಡಿಯೊದಾಗ ಅವರು ಹಂಗ ಒತ್ತಿದ್ರು ಸರ" ಎಂದ.

ರೀಸ್ಟಾರ್ಟ್ ಆಯಿತು, 580 ಬಂತು, ಎನ್ವೆಂಕ್ ಓಡಿತು. ಎರಡು ವಾರ ಯಾವ ತೊಂದರೆಯೂ ಇಲ್ಲ. ಹುಡುಗ ಮಾಲೀಕರ ಮುಂದೆ ಹೀರೋ. ತಪ್ಪಾದ ದಿನವೇ ಕೆಟ್ಟಿದ್ದರೆ ಕಾರಣ ಎಲ್ಲರಿಗೂ ಗೊತ್ತಾಗುತ್ತಿತ್ತು. ಎರಡು ವಾರ ಬಿಟ್ಟು ಕೆಟ್ಟರೆ ಆ ತಪ್ಪು ಯಾರಿಗೆ ನೆನಪಿರುತ್ತದೆ? ಕಪ್ಪು ಪರದೆಯ ಬೆಳಗ್ಗೆ ಅವನು ನನಗೆ ಹೇಳಿದ್ದು "ಏನೂ ಮಾಡಿಲ್ರಿ, ಅಪ್‌ಡೇಟ್ ಒತ್ತೀನಿ, ಅಷ್ಟ" ಎಂದು. ಅವನ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಫೋನಿನಲ್ಲಿ ತಪಾಸಣೆ

ಒಂದು ಒಳ್ಳೆಯದಿತ್ತು. ಕಪ್ಪು ಟರ್ಮಿನಲ್ ಎಂದರೆ ಅವನಿಗೆ ಭಯವಿರಲಿಲ್ಲ, ಆ ವಿಡಿಯೊ ಕಲಿಸಿದ್ದ ಒಂದೇ ಉಪಯೋಗದ ಪಾಠ ಅದು. ಕಂಟ್ರೋಲ್ ಆಲ್ಟ್ ಎಫ್3 ಒತ್ತಿಸಿದೆ. ಲಾಗಿನ್ ಕೇಳಿತು. ಅಂದರೆ ಕಂಪ್ಯೂಟರ್ ಸತ್ತಿಲ್ಲ, ಮುಖ ತೋರಿಸುತ್ತಿಲ್ಲ ಅಷ್ಟೆ. ಇದನ್ನು ಖಾತ್ರಿ ಮಾಡಿಕೊಂಡ ಮೇಲೆ ಅರ್ಧ ಆತಂಕ ಇಳಿಯುತ್ತದೆ. ಹುಡುಗನದ್ದೂ, ನನ್ನದೂ.

ನನ್ನ ಮೊದಲ ಮದ್ದು ಯಾವಾಗಲೂ ಒಂದೇ. ಹೊಸ ಕರ್ನಲ್ ಬಂದ ಮೇಲೆ ಕೆಟ್ಟಿದ್ದರೆ ಹಳೇ ಕರ್ನಲ್‌ನಲ್ಲಿ ಎಬ್ಬಿಸಿ ನೋಡು. ಮಿಂಟ್ ಹೊಸ ಕರ್ನಲ್ ಹಾಕುವಾಗ ಹಳೆಯದನ್ನು ಅಳಿಸಿ ಹಾಕುವುದಿಲ್ಲ, ಪಕ್ಕದಲ್ಲೇ ಇಟ್ಟಿರುತ್ತದೆ. ಆನ್ ಆಗುವಾಗ ಎಸ್ಕೇಪ್ ಒತ್ತಿದರೆ ಗ್ರಬ್ ಮೆನು, ಅಂದರೆ ಯಾವ ಕರ್ನಲ್‌ನಲ್ಲಿ ಏಳಬೇಕೆಂದು ಆರಿಸುವ ಪಟ್ಟಿ ಬರುತ್ತದೆ, ಅದರಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ ಹೋದರೆ ಹಳೆಯದು ಸಿಗುತ್ತದೆ. ಎಸ್ಕೇಪ್ ಒಂದೇ ಸಲ ಒತ್ತಬೇಕು. ನಮ್ಮ ಹುಡುಗ ಗಾಬರಿಯಲ್ಲಿ ಟಪಟಪ ಒತ್ತಿ ಗ್ರಬ್‌ನ ಬರಿ ಪ್ರಾಂಪ್ಟ್‌ಗೆ ಬಿದ್ದ. ಅಲ್ಲಿ 'ನಾರ್ಮಲ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಮೆನುಗೆ ಹಿಂದಿರುಗಬಹುದು. ಹಾಗೇ ಮಾಡಿಸಿದೆ.

ಹಳೇ ಕರ್ನಲ್ಲಿನಲ್ಲೂ ಕಪ್ಪು.

ಇಲ್ಲಿ ನಾನು ಸ್ವಲ್ಪ ತಬ್ಬಿಬ್ಬಾದೆ. ನಿನ್ನೆ ಸಂಜೆಯವರೆಗೆ ಇದೇ ಕರ್ನಲ್, ಇದೇ ಡ್ರೈವರ್ ಕೆಲಸ ಮಾಡುತ್ತಿತ್ತು. ರಾತ್ರಿ ಬೆಳಗಾಗುವುದರಲ್ಲಿ ಇದು ಯಾಕೆ ಕೆಟ್ಟಿತು? ಕಾರ್ಡೇ ಹೋಯಿತೇ ಎಂಬ ಅನುಮಾನವೂ ಬಂತು. ಸುಗ್ಗಿ ಕಾಲದಲ್ಲಿ ಗಂಗಾವತಿಯ ಗಾಳಿಯಲ್ಲಿ ಭತ್ತದ ಹೊಟ್ಟು, ಧೂಳು ಎರಡೂ ಇರುತ್ತವೆ. ಅಕ್ಕಿ ಗಿರಣಿಗಳ ಪಕ್ಕದ ಅಂಗಡಿಗಳಲ್ಲಿ ಕಾರ್ಡಿನ ಫ್ಯಾನ್ ಜಾಮ್ ಆಗಿದ್ದನ್ನು ಕಂಡಿದ್ದೇನೆ. ಆದರೆ ಕಾರ್ಡ್ ಹೋಗಿದ್ದರೆ ಮಿಂಟ್ ಲೋಗೋ ಕೂಡ ಕಾಣುತ್ತಿರಲಿಲ್ಲ, ಅಲ್ವಾ.

ಊಹೆ ಸಾಕು, ಲಾಗ್ ಓದೋಣ ಎಂದು ವಾಟ್ಸಾಪ್ ವಿಡಿಯೊ ಕಾಲ್ ಮಾಡಿಸಿದೆ. ಹುಡುಗ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದರಲ್ಲಿ ಟೈಪ್ ಮಾಡಿದ. ಜರ್ನಲ್‌ಸಿಟಿಎಲ್ ಎಂಬ ಕಮಾಂಡ್‌ಗೆ ಒಂದು ಒಳ್ಳೆಯ ಗುಣವಿದೆ. ಕಂಪ್ಯೂಟರ್ ಪ್ರತಿ ಸಲ ಎದ್ದದ್ದನ್ನು ಬೇರೆ ಬೇರೆ ಮಾಡಿ ತೋರಿಸುತ್ತದೆ. ಈಗಿನದು, ಅದಕ್ಕಿಂತ ಹಿಂದಿನದು, ಅದಕ್ಕೂ ಹಿಂದಿನದು. ನಾನು ಮೂರನ್ನೂ ನೋಡಿದೆ.

ಈಗಿನದರಲ್ಲಿ ಒಂದು ಸಾಲು: ಎನ್‌ವಿಡಿಯಾ ಮಾಡ್ಯೂಲ್ ಸೇರಿಸಲು ಆಗಲಿಲ್ಲ, 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್'. ಅದರ ಹಿಂದಿನದರಲ್ಲೂ ಇದೇ. ಆದರೆ ಬೆಳಗ್ಗೆ ಮೊಟ್ಟಮೊದಲು ಎದ್ದಾಗಿನ ಲಾಗ್‌ನಲ್ಲಿ ಬೇರೆಯೇ ದೂರು: 'ಎಪಿಐ ಮಿಸ್‌ಮ್ಯಾಚ್'. ಕೇಳುತ್ತಿರುವ ಲೈಬ್ರರಿ 580, ಕರ್ನಲ್ಲಿನಲ್ಲಿರುವ ಮಾಡ್ಯೂಲ್ 535.

ರೋಗ ಒಂದಲ್ಲ, ಎರಡು. ಎರಡಕ್ಕೂ ಲಕ್ಷಣ ಅದೇ ಕಪ್ಪು ಪರದೆ. ಮೊದಲನೆಯದು ತಾನಾಗಿ ಬಂದದ್ದು. ಎರಡನೆಯದು ಮೊದಲನೆಯದಾದ ಮೇಲೆ, ಬೆಳಗ್ಗೆಯೇ, ಯಾರೋ ತಂದದ್ದು.

"ತಮ್ಮಾ, ನನಗ ಫೋನ್ ಮಾಡೂಕಿಂತ ಮುಂಚೆ ಏನಾರ ಮಾಡಿದ್ಯೇನು?"

ಸ್ವಲ್ಪ ಹೊತ್ತು ಮಾತಿಲ್ಲ. "ಬಯೋಸ್‌ಗೆ ಹೋಗಿ ಡಿಫಾಲ್ಟ್ ಸೆಟ್ಟಿಂಗ್ ಅಂತ ಒತ್ತೀನ್ರಿ. ಸರಿ ಹೋಗಬಹುದು ಅಂತ."

ಎಲ್ಲ ಕೂಡಿಬಂತು. ಬಯೋಸ್ ಡಿಫಾಲ್ಟ್‌ಗೆ ಹೋದಾಗ, ಎರಡು ವರ್ಷದ ಹಿಂದೆ ನಾನು ಆಫ್ ಮಾಡಿದ್ದ ಸೆಕ್ಯೂರ್ ಬೂಟ್ ಮತ್ತೆ ಆನ್ ಆಗಿತ್ತು. ಅದು ಆನ್ ಇದ್ದಾಗ ಕರ್ನಲ್ ತಾನು ನಂಬುವ ಸಹಿ ಇಲ್ಲದ ಮಾಡ್ಯೂಲ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಆದ್ದರಿಂದ ಹಳೇ ಕರ್ನಲ್ಲಿನಲ್ಲಿ ಸರಿಯಾಗಿಯೇ ಇದ್ದ 580 ಮಾಡ್ಯೂಲ್ ಕೂಡ ಬಾಗಿಲಲ್ಲೇ ನಿಂತಿತು.

ಮೊದಲ ರೋಗದ ಕಥೆ ಹೀಗೆ. ರನ್ ಕಡತ 580 ಹಾಕುವಾಗ, ಅಂದಿನ ಕರ್ನಲ್ಲಿನಲ್ಲಿ ತನಗೆ ಅಡ್ಡಬಂದ 535 ಮಾಡ್ಯೂಲನ್ನು ಸರಿಸಿ ತನ್ನದನ್ನು ಇಟ್ಟಿತ್ತು. ಲೈಬ್ರರಿಗಳನ್ನೂ ತನ್ನವನ್ನೇ ಹಾಕಿತ್ತು. ಆದರೆ ತಂತ್ರಾಂಶ ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ನ ಪುಸ್ತಕದಲ್ಲಿ ಈ ಮನೆಯ ಡ್ರೈವರ್ ಈಗಲೂ 535. ಡಿಕೆಎಂಎಸ್‌ನ ಪಟ್ಟಿಯಲ್ಲೂ 535. ರಾತ್ರಿ ಹೊಸ ಕರ್ನಲ್ ಬಂದಾಗ ಡಿಕೆಎಂಎಸ್ ತನ್ನ ಕೆಲಸ ತಾನು ನಿಯತ್ತಾಗಿ ಮಾಡಿತು, 535ನ್ನು ಕಟ್ಟಿ ಇಟ್ಟಿತು. ಬೆಳಗ್ಗೆ ಎದ್ದಾಗ ಒಂದು ಎತ್ತು 535, ಇನ್ನೊಂದು 580. ಇದರ ಮೇಲೆ ರನ್ ಕಡತ ಬರೆದಿಟ್ಟಿದ್ದ ಎಕ್ಸ್ ಸಂರಚನೆ "ಎನ್‌ವಿಡಿಯಾ ಬಿಟ್ಟು ಬೇರೇನೂ ಬಳಸಬೇಡ" ಎಂದು ಕಟ್ಟಪ್ಪಣೆ ಮಾಡಿತ್ತು. ಅದಿಲ್ಲದಿದ್ದರೆ ಒರಟಾದ ಚಿತ್ರವಾದರೂ ಬರುತ್ತಿತ್ತೇನೋ. ಅದೂ ಬರಲಿಲ್ಲ, ಗೀಟು ಮಾತ್ರ ಮಿಣುಕಿತು.

ಹುಡುಗ ಬಯೋಸ್ ಮುಟ್ಟದೆ ಮೊದಲೇ ಫೋನ್ ಮಾಡಿದ್ದರೆ ಹಳೇ ಕರ್ನಲ್ ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತಿತ್ತು. ಒಂದು ಕೆಟ್ಟಿದೆ ಎಂದು ಎರಡನೆಯದನ್ನು ಮುಟ್ಟಿದಾಗ ಕೆಟ್ಟದ್ದು ಯಾವುದೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ನಮಗೆ ಆ ಕೆಲಸಕ್ಕೆ ಒಂದೂವರೆ ತಾಸು ಹಿಡಿಯಿತು.

ಆ ಸಂಜೆಯ ಮಟ್ಟಿಗೆ

ಒಂಬತ್ತು ಗಂಟೆ ದಾಟಿತ್ತು. ಸರಿಯಾದ ದುರಸ್ತಿಯನ್ನು ಆಗಲೇ ಫೋನಿನಲ್ಲಿ ಶುರು ಮಾಡಬಹುದಿತ್ತು. ಮಾಲೀಕರೂ ಅದನ್ನೇ ಕೇಳಿದರು. ನಾನು ಒಪ್ಪಲಿಲ್ಲ. ಸಂಜೆ ಕೊಡಬೇಕಾದ ಕೆಲಸ ಅದೇ ಯಂತ್ರದಲ್ಲಿರುವಾಗ ಡ್ರೈವರ್ ಕಿತ್ತು ಹಾಕುವುದು ನನ್ನ ಲೆಕ್ಕದಲ್ಲಿ ಜೂಜು. ಮೊದಲು ವಿಡಿಯೊ ಹೊರಗೆ ಬರಲಿ.

ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಮತ್ತೆ ಆಫ್ ಮಾಡಿಸಿದೆ. ಗ್ರಬ್‌ನಲ್ಲಿ ಹಳೇ ಕರ್ನಲ್ ಆರಿಸಿದ. ಪರದೆ ಬಂತು. ಅತ್ತ ಕಡೆಯಿಂದ ಮಾಲೀಕರ ಧ್ವನಿಯೂ ಕೇಳಿಸಿತು: "ಬಂತ್ ನೋಡ, ಬಂತು!"

"ಇವತ್ತು ಸಂಜೀತನ ರೀಸ್ಟಾರ್ಟ್ ಮಾಡಬ್ಯಾಡ್ರಿ ಅಣ್ಣಾರ. ಯುಪಿಎಸ್ ಚಾರ್ಜ್ ಐತೇನ್ ನೋಡ್ಕೊಳ್ರಿ" ಎಂದೆ. ಮಧ್ಯಾಹ್ನದೊಳಗೆ ಎಕ್ಸ್‌ಪೋರ್ಟ್ ಆಗಿ ಎರಡು ಪೆನ್‌ಡ್ರೈವ್‌ಗೆ ಹೋಯಿತು.

ಮರುದಿನ: ಕಿತ್ತು ಮತ್ತೆ ಕಟ್ಟಿದ್ದು

ಮರುದಿನ ನಾನೇ ಹೋದೆ. ಮೊದಲ ಕೆಲಸ ಟೈಮ್‌ಶಿಫ್ಟ್. ಮಿಂಟ್‌ನಲ್ಲಿ ಇದು ಜೊತೆಗೇ ಬರುತ್ತದೆ, ವ್ಯವಸ್ಥೆಯ ಇವತ್ತಿನ ಸ್ಥಿತಿಯನ್ನು ಹಾಗೇ ಒಂದು ನಕಲು ತೆಗೆದು ಇಡುತ್ತದೆ. ಕೆಟ್ಟರೆ ಲೈವ್ ಪೆನ್‌ಡ್ರೈವ್‌ನಿಂದ ಎದ್ದು ಆ ನಕಲಿಗೆ ಮರಳಬಹುದು. ಇದನ್ನು ಎರಡು ವರ್ಷದ ಹಿಂದೆ ನಾನೇ ಹೊಂದಿಸಿ ಕೊಡಬೇಕಿತ್ತು. ಕೊಟ್ಟಿರಲಿಲ್ಲ. ಅಂಗಡಿಯಲ್ಲಿ ಇದ್ದ ಬಿಡಿ ಡಿಸ್ಕ್‌ಗಳೆಲ್ಲ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಕಡತ ವ್ಯವಸ್ಥೆ), ಕ್ಯಾಮೆರಾ ಫೈಲ್ ಸಾಗಿಸಲು ಇಟ್ಟುಕೊಂಡವು. ಟೈಮ್‌ಶಿಫ್ಟ್‌ಗೆ ಅವು ನಡೆಯುವುದಿಲ್ಲ, ಲಿನಕ್ಸ್‌ನ ಕಡತ ವ್ಯವಸ್ಥೆಯೇ ಬೇಕು. ಒಂದು ಹಳೇ 500 ಜಿಬಿ ಡಿಸ್ಕ್ ಖಾಲಿ ಮಾಡಿ, ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ, ನಕಲು ತೆಗೆದೆ. ಟೈಮ್‌ಶಿಫ್ಟ್ ಮನೆ ಫೋಲ್ಡರನ್ನು, ಅಂದರೆ ಮದುವೆಗಳ ವಿಡಿಯೊಗಳನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಅದಕ್ಕೆ ಬೇರೆ ಬ್ಯಾಕಪ್ ಬೇಕು ಎಂದು ಮಾಲೀಕರಿಗೆ ಎರಡು ಸಲ ಹೇಳಿದೆ.

ಆಮೇಲೆ ಕೀಳುವ ಕೆಲಸ. ರನ್ ಕಡತದಿಂದ ಬಂದದ್ದನ್ನು ಅದರದ್ದೇ ಅನ್‌ಇನ್‌ಸ್ಟಾಲ್ ಕಮಾಂಡ್‌ನಿಂದ ತೆಗೆಯಬೇಕು, ಪ್ಯಾಕೇಜ್ ಮ್ಯಾನೇಜರ್‌ಗೆ ಅದು ಗೊತ್ತೇ ಇಲ್ಲ. ತೆಗೆದೆ. ಬಳಿಕ ಪ್ಯಾಕೇಜ್ ಮ್ಯಾನೇಜರ್ ಆದ ಎಪಿಟಿಯಿಂದ 535ರ ಪ್ಯಾಕೇಜ್‌ಗಳನ್ನು ಪರ್ಜ್ ಮಾಡಿದೆ, ಅಂದರೆ ಬೇರುಸಹಿತ ತೆಗೆದೆ. ಇಲ್ಲಿ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ತೋರಿಸಿದೆ. ಪರ್ಜ್ ಒತ್ತಿದಾಗ ಏನೇನು ಹೋಗಲಿದೆ ಎಂಬ ಪಟ್ಟಿ ಬರುತ್ತದೆ. ಅದನ್ನು ಓದದೆ ವೈ ಒತ್ತಬಾರದು. ಪಟ್ಟಿಯಲ್ಲಿ ಎನ್‌ವಿಡಿಯಾ ಹೆಸರುಗಳಷ್ಟೇ ಇದ್ದರೆ ಸರಿ, ಡೆಸ್ಕ್‌ಟಾಪ್‌ನ ಹೆಸರು ಕಂಡರೆ ಕೈ ಎತ್ತಿಬಿಡು. ಕೊನೆಗೆ ಎಕ್ಸ್ ಸಂರಚನೆ ಕಡತ, ಆಮೇಲೆ ನೂವೋ ಡ್ರೈವರನ್ನು ತಡೆಯಲು ಇನ್‌ಸ್ಟಾಲರ್ ಬರೆದಿಟ್ಟಿದ್ದ ಕಡತ. ಎರಡನ್ನೂ ಅಳಿಸದೆ ಹೆಸರು ಬದಲಿಸಿ ಪಕ್ಕಕ್ಕಿಟ್ಟೆ.

ರೀಸ್ಟಾರ್ಟ್ ಮಾಡಿದರೆ ಹೊಸ ಕರ್ನಲ್ಲಿನಲ್ಲೇ ಪರದೆ ಬಂತು, ನೂವೋ ಮೇಲೆ. ನೂವೋ ಎಂದರೆ ಎನ್‌ವಿಡಿಯಾ ಕಾರ್ಡುಗಳಿಗೆ ಸಮುದಾಯವೇ ಬರೆದ ಮುಕ್ತ ಡ್ರೈವರ್. ಈ ಪೀಳಿಗೆಯ ಕಾರ್ಡಿನಲ್ಲಿ ಅದು ನಿಧಾನ. ವೇಗ ಏರಿಸಲು ಕಂಪನಿ ಸಹಿ ಮಾಡಿದ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಬೇಕು, ಅದು ನೂವೋ ಕೈಯಲ್ಲಿಲ್ಲ. ಎಡಿಟಿಂಗ್‌ಗೆ ಬಾರದು. ಆದರೂ ನಾನು ಈ ಹಂತವನ್ನು ಬಿಡುವುದಿಲ್ಲ. ಹೊಸ ಡ್ರೈವರ್ ಹಾಕುವ ಮುಂಚೆ ಒಂದು ಸಲ ನೂವೋ ಮೇಲೆ ಎದ್ದರೆ ಹಳೆಯದೆಲ್ಲ ನಿಜವಾಗಿ ಹೋಗಿದೆ ಎಂದು ಗೊತ್ತಾಗುತ್ತದೆ. ಗೋಡೆಗೆ ಹೊಸ ಬಣ್ಣ ಬಳಿಯುವ ಮುಂಚೆ ಹಳೇ ಸುಣ್ಣ ಕೆರೆದು ನೋಡಿದ ಹಾಗೆ.

ಈಗ ಡ್ರೈವರ್ ಮ್ಯಾನೇಜರ್ ತೆರೆದೆ. ಹುಡುಗ ಪರದೆಗೆ ಬಗ್ಗಿ ನೋಡಿ ಸುಮ್ಮನಾದ. ಪಟ್ಟಿಯಲ್ಲಿ 580 ಇತ್ತು. ತಾಣದಿಂದ ಇಳಿಸಿ, ಪರದೆ ನಿಲ್ಲಿಸಿ, ಕಪ್ಪು ಟರ್ಮಿನಲ್‌ನಲ್ಲಿ ಹಾಕಿದ್ದ ಅದೇ ಸರಣಿ, ಇಲ್ಲಿ ಎರಡು ಕ್ಲಿಕ್ ದೂರದಲ್ಲಿ.

ಅವನಿಗೆ ಇನ್ನೊಂದು ಪ್ರಶ್ನೆ ಇತ್ತು. ಟರ್ಮಿನಲ್‌ನಲ್ಲಿ ಹುಡುಕಿದಾಗ ಕೆಲವು ಪ್ಯಾಕೇಜ್‌ಗಳ ಹೆಸರಿನ ಕೊನೆಗೆ 'ಓಪನ್' ಎಂದು ಇರುತ್ತದೆ. "ನಾವು ಓಪನ್ ಸೋರ್ಸ್ ಮಂದಿ ಅಲ್ಲೇನ್ರಿ ಸರ, ಅದನ್ನ ಹಾಕೂಣಲ್ಲ?" ನಕ್ಕೆ, ಆದರೆ ಪ್ರಶ್ನೆ ಒಳ್ಳೆಯದು. ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ ತನ್ನ ಕರ್ನಲ್ ಮಾಡ್ಯೂಲ್‌ನ ಮೂಲವನ್ನು ತೆರೆದಿಟ್ಟಿತು. ಆದರೆ ಆ ತೆರೆದ ಮಾಡ್ಯೂಲ್ ನಡೆಯುವುದು ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳಲ್ಲಿ, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಯಿಂದ ಈಚೆಗೆ. 1050 ಟಿಐ ಪ್ಯಾಸ್ಕಲ್ ಪೀಳಿಗೆಯದು. ಅದಕ್ಕೆ ಓಪನ್ ಹಾಕಿದರೆ ಮತ್ತೆ ನಿನ್ನೆಯ ಬೆಳಗ್ಗೆಯೇ.

ಸೆಕ್ಯೂರ್ ಬೂಟ್ ಏನು ಮಾಡುವುದು ಎಂದು ಚಹಾ ಕುಡಿಯುತ್ತ ಯೋಚಿಸಿದೆ. ಆಫ್ ಇಟ್ಟರೆ ಇವತ್ತು ಸುಲಭ. ಆದರೆ ಬಯೋಸ್‌ನ ಬ್ಯಾಟರಿ ಸತ್ತರೆ, ಅಥವಾ ಇನ್ಯಾರೋ ಡಿಫಾಲ್ಟ್ ಒತ್ತಿದರೆ, ಅದು ಮತ್ತೆ ಆನ್ ಆಗಿ ಅದೇ ಬಲೆಗೆ ಬೀಳುತ್ತೇವೆ. ಆನ್ ಇಟ್ಟು ಮಾಡ್ಯೂಲ್‌ಗೆ ಸಹಿ ಮಾಡಿಸಿದರೆ ಎರಡೂ ಸ್ಥಿತಿಯಲ್ಲಿ ನಡೆಯುತ್ತದೆ. ಎರಡು ವರ್ಷದ ಹಿಂದಿನ ನನ್ನ ಸೋಮಾರಿತನವನ್ನು ತಿದ್ದಿಕೊಳ್ಳಲು ಇದೇ ಸಮಯ ಎನಿಸಿತು. ಬಯೋಸ್‌ನಲ್ಲಿ ಆನ್ ಮಾಡಿ ಬಂದು 580 ಹಾಕಿದೆ.

ಹಾಕುವಾಗ ಅದು ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಸಲದ ಬಳಕೆಗೆ. ನಮ್ಮ ಯಂತ್ರವೇ ಒಂದು ಕೀ ತಯಾರಿಸಿ ಮಾಡ್ಯೂಲ್‌ಗೆ ಅದರಿಂದ ಸಹಿ ಮಾಡುತ್ತದೆ. ಆ ಕೀಯನ್ನು ನಂಬು ಎಂದು ಕಂಪ್ಯೂಟರ್ ಏಳುವಾಗ ಸಹಿ ನೋಡುವ ವ್ಯವಸ್ಥೆಗೆ ಹೇಳಬೇಕು. ಹಾಗೆ ಹೇಳುವವರು ಕೀಬೋರ್ಡಿನ ಮುಂದೆ ಕೂತ ಮನುಷ್ಯರೇ ಎಂದು ಖಾತ್ರಿ ಮಾಡಿಕೊಳ್ಳಲು ಈ ಪಾಸ್‌ವರ್ಡ್. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ' (ಈ ಕೀಯನ್ನು ನೋಂದಾಯಿಸು) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು.

ನಾನು ರೀಸ್ಟಾರ್ಟ್ ಒತ್ತಿ ಮಾಲೀಕರು ಕರೆದರೆಂದು ಹೊರಗೆ ಹೋದೆ. ಬಂದು ನೋಡಿದರೆ ಮತ್ತೆ ಕಪ್ಪಲ್ಲದಿದ್ದರೂ ಒರಟಾದ ಚಿತ್ರ. "ಮುಂಚೆ ಏನೋ ನೀಲಿ ಸ್ಕ್ರೀನ್ ಬಂತ್ರಿ, ವಿಂಡೋಸ್ ಎರರ್ ಇದ್ದಂಗ ಇತ್ತು. ಮುಟ್ಟಲಿಲ್ರಿ ನಾ" ಎಂದ ಹುಡುಗ. ನಿನ್ನೆ ಮುಟ್ಟಿ ಬೈಸಿಕೊಂಡಿದ್ದ, ಇವತ್ತು ಮುಟ್ಟದೆ ಕೂತಿದ್ದ. ತಪ್ಪು ನನ್ನದೇ, ಹೇಳಿ ಹೋಗಬೇಕಿತ್ತು. ಹತ್ತು ಸೆಕೆಂಡ್ ದಾಟಿದರೆ ಆ ಕೋರಿಕೆ ಬಿದ್ದುಹೋಗುತ್ತದೆ. ಎಂಒಕೆಯುಟಿಲ್ ಕಮಾಂಡ್‌ನಿಂದ ಮತ್ತೆ ಕೋರಿಕೆ ಹಾಕಿ, ಈ ಸಲ ಇಬ್ಬರೂ ಪರದೆಯ ಮುಂದೆಯೇ ಕೂತೆವು.

ಸರಿಯಾಯಿತು ಎಂದು ತೀರ್ಮಾನಿಸುವ ಮುಂಚೆ ನೋಡಿದ್ದು ಇಷ್ಟು. ಡಿಕೆಎಂಎಸ್ ಸ್ಟೇಟಸ್ ಕೇಳಿದಾಗ ಹಳೇ ಕರ್ನಲ್, ಹೊಸ ಕರ್ನಲ್ ಎರಡರ ಎದುರೂ 580 'ಇನ್‌ಸ್ಟಾಲ್ಡ್' ಎಂದಿತ್ತು. 535ರ ಸುಳಿವಿಲ್ಲ. ಎನ್‌ವಿಡಿಯಾ ಎಸ್‌ಎಂಐ ಎಂಬ ಕಮಾಂಡ್ ಕಾರ್ಡಿನ ಹೆಸರು, 580 ಆವೃತ್ತಿ, ಮೆಮೊರಿ ಎಲ್ಲ ತೋರಿಸಿತು. ಎರಡೂ ಕರ್ನಲ್‌ಗಳಲ್ಲಿ ಒಮ್ಮೊಮ್ಮೆ ಎಬ್ಬಿಸಿದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಬೇಕೆಂದೇ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ನೋಡಿದೆ. ಕೊನೆಗೆ ಸಾಣಾಪುರದ ಹರಿಗೋಲಿನ ಎರಡು ನಿಮಿಷದ ತುಣುಕೊಂದನ್ನು ಎನ್ವೆಂಕ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಪೂರ್ತಿ ಓಡಿಸಿ ನೋಡಿದೆವು. ಡೆಸ್ಕ್‌ಟಾಪ್ ಬಂತೆಂದು ಎದ್ದು ಹೋಗುವವರು ಈ ಕೊನೆಯ ಹೆಜ್ಜೆ ಬಿಡುತ್ತಾರೆ. ಎಡಿಟರ್‌ಗೆ ಬೇಕಾದದ್ದು ಡೆಸ್ಕ್‌ಟಾಪ್ ಅಲ್ಲ, ಎಕ್ಸ್‌ಪೋರ್ಟ್. ಎಲ್ಲ ಸರಿ ಎಂದ ಮೇಲೆ ಟೈಮ್‌ಶಿಫ್ಟ್‌ನಲ್ಲಿ ಇನ್ನೊಂದು ನಕಲು.

ರನ್ ಕಡತದ ಬಗ್ಗೆ ಒಂದು ಮಾತು. ಅದು ಕೆಟ್ಟದ್ದಲ್ಲ. ಹಳೆಯದನ್ನು ಪೂರ್ತಿ ತೆಗೆದು, ಡಿಕೆಎಂಎಸ್‌ಗೆ ಹೌದು ಎಂದು ಹಾಕಿದ್ದರೆ ಈ ಅಪ್‌ಡೇಟ್ ದಾಟುತ್ತಿತ್ತು. ಆದರೆ ಅದರ ಮುಂದಿನ ಆವೃತ್ತಿ, ಭದ್ರತೆಯ ತಿದ್ದುಪಡಿ ಎಲ್ಲ ನೀವೇ ನೆನಪಿಟ್ಟು ತಂದು ಹಾಕಬೇಕು. ಮದುವೆ ಸೀಸನ್‌ನಲ್ಲಿ ಊಟ ಮಾಡುವುದೇ ನೆನಪಿರದ ಹುಡುಗರಿಗೆ ಆ ಜವಾಬ್ದಾರಿ ಕೊಡಲು ನನಗೆ ಮನಸ್ಸಿಲ್ಲ.

ಇನ್ನು ಮುಂದೆ

ಈ ಕಾರ್ಡಿನ ದಾರಿ ಎಲ್ಲಿಯವರೆಗೆ ಎಂಬುದೂ ಗೊತ್ತಿದೆ. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಪೀಳಿಗೆಗಳಿಗೆ 580 ಸರಣಿಯೇ ಕೊನೆಯದು ಎಂದು ಎನ್‌ವಿಡಿಯಾ ಹೇಳಿದೆ. ಇನ್ನು ಮೇಲೆ ಇವರಿಗೆ "ಅತಿ ಹೊಸದು" ಎಂಬುದೇ ಅಪಾಯ. 590 ಹಾಕಿದರೆ ಈ ಕಾರ್ಡಿನ ಗುರುತೇ ಅದಕ್ಕೆ ಹತ್ತುವುದಿಲ್ಲ. ಮುಂದಿನ ಕಾರ್ಡ್ ಕೊಳ್ಳುವಾಗ ಎಎಂಡಿ ನೋಡಿ ಎಂದು ಮಾಲೀಕರಿಗೆ ಹೇಳಿದ್ದೇನೆ. ಅವರು ರೇಟ್ ಕೇಳಿ ಸುಮ್ಮನಾಗಿದ್ದಾರೆ.

ಅಪ್‌ಡೇಟ್ ನಿಲ್ಲಿಸಿಬಿಡೋಣವೇ ಎಂದೂ ಅವರು ಕೇಳಿದರು. ಅದು ನನಗೆ ಒಪ್ಪಿಗೆಯಲ್ಲ. ಬ್ರೌಸರ್ ಮತ್ತು ಉಳಿದ ಭದ್ರತೆಯ ಅಪ್‌ಡೇಟ್‌ಗಳು ಎಂದಿನಂತೆ ಬರಲಿ. ಕರ್ನಲ್ ಮತ್ತು ಎನ್‌ವಿಡಿಯಾ ಹೆಸರು ಕಂಡರೆ ಮಾತ್ರ ಟಿಕ್ ತೆಗೆದು, ಕೆಲಸ ಕೊಡಬೇಕಾಗಿಲ್ಲದ ದಿನಕ್ಕೆ ಇಡಬೇಕು. ಆ ದಿನ ಮೊದಲು ಟೈಮ್‌ಶಿಫ್ಟ್, ಆಮೇಲೆ ಅಪ್‌ಡೇಟ್, ರೀಸ್ಟಾರ್ಟ್‌ಗೆ ಮುಂಚೆ ಡಿಕೆಎಂಎಸ್ ಸ್ಟೇಟಸ್. ಹೊಸ ಕರ್ನಲ್ಲಿನ ಎದುರು 'ಇನ್‌ಸ್ಟಾಲ್ಡ್' ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಬಾರದು, ಬಹುಪಾಲು ಆ ಕರ್ನಲ್ಲಿನ ಹೆಡರ್ ಪ್ಯಾಕೇಜ್ (ಮಾಡ್ಯೂಲ್ ಕಟ್ಟಲು ಬೇಕಾದ ಕಡತಗಳು) ಬಂದಿರುವುದಿಲ್ಲ. ಹುಡುಗ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಾನಿಟರ್‌ನ ಅಂಚಿಗೆ ಅಂಟಿಸಿದ. ಕೆಳಗೆ ಕೆಂಪು ಪೆನ್ನಿನಲ್ಲಿ ತಾನೇ ಒಂದು ಸಾಲು ಸೇರಿಸಿದ: ಬಯೋಸ್ ಮುಟ್ಟಬ್ಯಾಡ.

ಜನವರಿಯಲ್ಲಿ ನಾನು ಗವಿಮಠದ ಜಾತ್ರೆಯ ಜನಜಂಗುಳಿಯಲ್ಲಿದ್ದಾಗ ಅವನ ಫೋನ್ ಬಂತು.

"ಸರ, ಹೊಸ ಕರ್ನಲ್ ಬಂದೈತ್ರಿ. ಹಾಕೀನಿ. ಡಿಕೆಎಂಎಸ್ ಸ್ಟೇಟಸ್ ನೋಡೀನಿ, ಇನ್‌ಸ್ಟಾಲ್ಡ್ ಅಂತ ಐತಿ. ರೀಸ್ಟಾರ್ಟ್ ಮಾಡ್ಲೇನ್ರಿ?"

"ಕೊಡೂದು ಏನಾರ ಬಾಕಿ ಐತೇನು?"

"ನಾಳೆ ಒಂದು ಆಲ್ಬಮ್ ವಿಡಿಯೊ ಕೊಡೂದೈತ್ರಿ."

"ಹಂಗಾರ ಅದನ್ನ ಕೊಟ್ಟು ಬಾ. ಆಮ್ಯಾಲೆ ಮಾಡು."

"ಹೂನ್ರಿ" ಎಂದು ಇಟ್ಟ.